ಒಂದು ವೈರು, ಎರಡು ಮನಿ

...ಅದನ್ನ ಆಮ್ಯಾಲೆ ಮಾತಾಡೋಣಂತ, ಮೊದಲು ಕುಂದ್ರು. ಬಾಗಿಲದಾಗ ನಿಂತು ‘ಅಣ್ಣ, ನಮ್ಮ ಕಡಿ ಕೇಬಲ್ ವೈರು ಬಿಚ್ಚಿಸಿಬಿಡು’ ಅಂದ್ರ ಹೆಂಗ? ಆರು ವರ್ಷದ ಮ್ಯಾಲೆ ನನ್ನ ಹೊಸ್ತಿಲ ದಾಟೀಯ, ತಮ್ಮಾ. ಆ ಕುರ್ಚಿ ಬ್ಯಾಡ, ಅದರ ಕಾಲು ಅಲ್ಲಾಡ್ತಾವ. ಇಲ್ಲಿ ಬಾ, ಮಂಚದ ಮ್ಯಾಲೆ. ಹಾಂ, ಹಿಂಗ.

ನಿಮ್ಮತ್ತಿಗಿ ಮಂಡಕ್ಕಿ ಒಗ್ಗರಣಿ ಹಾಕಾಕತ್ಯಾಳ. ತಿನ್ನದ ಹೋಗಂಗಿಲ್ಲ ನೀನು.

ನಾಳೆ ಮುಂಜಾನಿ ಲಾರಿ ಬರ್ತೈತಂತ. ಗೊತ್ತೈತಿ. ಕೊಟ್ಟೂರು ಬಜಾರದಾಗ ಎಲ್ರೂ ಹೇಳಿದ್ರು. ಜಂಬಣ್ಣ ಹರಪನಹಳ್ಳಿಗೆ ಹೊಂಟಾನ, ಅಳಿಯನ ಅರಿವಿ-ಬಟ್ಟಿ ಅಂಗಡಿ ನೋಡ್ಕೊಂತಾನ, ತನ್ನ ಪಾಲಿನ ಮನಿ ಯಾರೋ ನೌಕರದಾರಗ ಬಾಡಿಗಿ ಕೊಟ್ಟಾನ... ಎಲ್ರೂ ಹೇಳಿದ್ರು, ನೀನೊಬ್ಬ ಹೇಳಲಿಲ್ಲ. ಇರ್ಲಿ ಬಿಡು. ಇವತ್ತು ಬಂದೀಯಲ್ಲ. ನನಗ ಎಷ್ಟು ಖುಷಿ ಆಗೇತಿ ಅಂದ್ರ, ಏನು ಮಾತಾಡಬೇಕೋ ತಿಳಿವಲ್ದು.

ಯಾಕ ನಗ್ತಿ? ಹೌದಪಾ, ತಿಳಿವಲ್ದು ಅಂತ ಇಷ್ಟು ಮಾತಾಡಾಕತ್ತೀನಿ. ರಿಟೈರಾದವರ ಹಣೇಬರಾನ ಇಷ್ಟು. ಬಿ.ಎ. ಓದಿ ಮೂವತ್ತು ವರ್ಷ ಆಫೀಸಿನಾಗ ‘ಆಗಲಿ ಸರ್’ ಅಂದಿದ್ದೊಂದ ಮಾತು. ಉಳಿದದ್ದೆಲ್ಲಾ ಈಗ ಹೊರಗ ಬರಾಕತ್ತೈತಿ.

ವೈರಿನ ವಿಚಾರ ಕೇಳಿಲ್ಲಿ. ಒಂದು ಬಚ್ಚಲ ಮೋರಿ ಸಲುವಾಗಿ ಜಗಳ ಆಡಿ ಮನಿ ಪಾಲು ಮಾಡಿಕೊಂಡ್ವಿ. ಹಿರೇರು ಕುಂತು ಬಾವಿ ಹಂಚಿದ್ರು, ಕಾಳು ತುಂಬೋ ಹಗೇವು ಹಂಚಿದ್ರು, ಅವ್ವನ ಹಿತ್ತಾಳಿ ಕೊಡಪಾನ ಸೈತ ಹಂಚಿದ್ರು. ನಡುಮನಿಯಾಗ ಗ್ವಾಡಿ ಎದ್ದು ನಿಂತ್ತು. ಕೇಬಲ್ ವೈರು ಒಂದನ್ನ ಯಾರೂ ನೆಪ್ಪು ಮಾಡಲಿಲ್ಲ. ಅವರಿಗೇನು ಗೊತ್ತು ಪಾಪ. ನನ್ನ ಹೆಸರಿಲೆ ಇದ್ದ ಕನೆಕ್ಷನ್ನು ಗ್ವಾಡಿ ಹಾರಿ ನಿನ್ನ ಮನಿಗೂ ಹೋತು. ಅದೊಂದು ಪಾಲಾಗದ ಉಳೀತು. ಅದನ್ನೂ ಬಿಚ್ಚಿಸು ಅಂತೀಯಲ್ಲ.

ರೊಕ್ಕ? ರೊಕ್ಕದ ಮಾತು ತಗೀಬ್ಯಾಡ. ಕೇಬಲ್‌ನ ಗವಿಸಿದ್ದೇಶ್ ಬಂದು ‘ಯಜಮಾನ್ರ, ಕಾಮಿಡಿ ಚಾನೆಲ್ ಇನ್ನ ಪೇ ಚಾನೆಲ್ ಆಗೇತ್ರಿ, ಹೆಚ್ಚಿಗಿ ಕೊಟ್ಟವರಿಗಷ್ಟ’ ಅಂದ. ಊರ ಮಂದಿ ಎಲ್ಲಾ ಬೈದು ಕಳಿಸಿದ್ರು. ನಾನು ಮಾತ್ರ ಹೆಚ್ಚಿಗಿ ರೊಕ್ಕ ಕೊಟ್ಟು, ‘ಅದೊಂದು ತಗದೀಯಂದ್ರ ನಿನ್ನ ಕಂಬಾನ ಕೀಳಸ್ತೀನಿ’ ಅಂದೆ.

ಮತ್ತ ನಕ್ಕಿ. ನಗು, ನಗು. ಟೆಂಟ್ ಟಾಕೀಸಿನಾಗ ಹಿಂಗ ನಗ್ತಿದ್ದಿ. ಕಾಮಿಡಿ ಸೀನಿಗೆ ಜನ ಎಲ್ಲಾ ನಕ್ಕು ಮುಗಿಸಿದ ಮ್ಯಾಲೆ ನೀನು ಶುರು ಮಾಡ್ತಿದ್ದಿ. ನಿನ್ನ ನಗು ಕೇಳಿ ಅವರು ಇನ್ನೊಮ್ಮೆ ನಗೋರು. ಈಗಿನ ಸಿನಿಮಾದಾಗ ಏನೈತಿ? ಹೀರೋನ ಕಾಮಿಡಿ ಮಾಡ್ತಾನ, ಕಾಮಿಡಿಯವ ಮೂಲ್ಯಾಗ ಹೊಡತ ತಿಂತಾನ. ಸೀರಿಯಲ್ಲಿನಾಗಂತೂ ನಗೋದೂ ಅವರ. ಡಬ್ಬಿಯಾಗ ತುಂಬಿಟ್ಟ ನಗು, ಒಂದ ಅಳತಿ, ಒಂದ ರುಚಿ. ಮನಷ್ಯಾರು ಹಂಗ ನಗ್ತಾರೇನು?

ಆದ್ರ ಆ ಏಳೂವರಿ ಕಾಮಿಡಿ ಚಲೋ ಐತಿ ನೋಡು. ಬಿಡಲಾರದ ನೋಡ್ತೀನಿ. ಮನಿ ಮಾಲಕನ ಅಳಿಯ ಅದಾನಲ್ಲ, ಆ ದಪ್ಪನ್ನಾವ, ಹೊಟ್ಟಿ ಮುಂದ ಬಿಟ್ಟುಕೊಂಡು ‘ಮಾವಾ...’ ಅಂತ ಬರ್ತಾನಲ್ಲ, ಅವಂದು...

ಯಾಕ ಹಂಗ ನೋಡ್ತಿ? ತೆಳ್ಳಗದಾನ? ಕಡ್ಡಿಯಂಗ? ಇರಬಹುದು. ಧ್ವನಿ ದಪ್ಪ ಐತಿ ಅದಕ್ಕ... ನನ್ನ ಕಣ್ಣೂ ಮೊದಲಿನಂಗ ಇಲ್ಲ.

ಎಲ್ಲಿಗೆ ಎದ್ದಿ? ಟಿವಿ ಈಗ ಬ್ಯಾಡ ಬಿಡು. ಬರೇ ಜಾಹೀರಾತು ಬರ್ತಿರ್ತಾವ. ಹೌದು, ಏಳೂವರಿ ಆಗೇತಿ, ಆದ್ರೂ ಬ್ಯಾಡ. ಮಂಡಕ್ಕಿ ಬರ್ಲಿ. ಇಬ್ರೂ ಕೂಡಿ ನೋಡೋಣ ಅಂತೀಯ... ಯಾವಾಗ ಅಂದಿದ್ದಿ ಈ ಮಾತು ನೀನು, ಜಂಬಣ್ಣ? ಈಗ ಅಂತೀಯಲ್ಲ. ಕೈ ಹಚ್ಚಬ್ಯಾಡ. ಆ ಬಟನ್ ಒತ್ತಿದ್ರೂ... ಕರೆಂಟ್ ಇಲ್ಲ ನೋಡು.

ಹೌದು. ಫ್ಯಾನ್ ತಿರಗಾಕತ್ತೈತಿ.

ಹಿಂದ ಬಗ್ಗಿ ಏನು ನೋಡ್ತಿ? ವೈರು ಇಲ್ಲ ಅಲ್ಲಿ. ಇಲ್ಲ. ಕಿಡಕ್ಯಾಗಿಂದ ನೆಟ್ಟಗ ನಿನ್ನ ಮನಿಗೇ ಹೋಗೇತಿ.

ಏನರ ಅನ್ನು. ಬೈಯರ ಬೈ.

ಎರಡು ವರ್ಷ ಆತು ಇದು ಕೆಟ್ಟು. ಪಿಕ್ಚರ್ ಟ್ಯೂಬ್ ಹೋತಂತ. ರಿಪೇರಿಗೆ ಒಯ್ಯಬೇಕಂತ ಅವತ್ತು ಸಂಜೀಕ ಗಾಡಿಯವಗ ಹೇಳಿ ಬಂದೆ. ಬಂದು ಇಲ್ಲೇ ಕುಂತಿದ್ದೆ, ಗ್ವಾಡಿಗೆ ಬೆನ್ನು ಹಚ್ಚಿ. ಆ ಕಡಿ ನಿನ್ನ ಟಿವಿ ಹತ್ತಿತು. ಅವರು ಡಬ್ಬಿ ನಗು ನಕ್ಕು ಮುಗಿಸಿದ್ರು. ಆಮ್ಯಾಲೆ ನೀನು ನಕ್ಕಿ. ಹಳೇ ನಗು, ಟೆಂಟಿನಾಗಿಂದು. ಮನಿ ಪಾಲಾದಾಗಿಂದ ನಾನದನ್ನ ಕೇಳೇ ಇದ್ದಿಲ್ಲಲೇ. ದಿನಾ ಸಂಜೀಕ ನನ್ನ ಟಿವಿ ಒದರ್ತಿತ್ತು, ನಿನ್ನ ನಗು ಅದರಾಗ ಮುಳುಗಿ ಹೋಗಿತ್ತು.

ಗಾಡಿಯವ ಮುಂಜಾನಿ ಬಂದ. ಬ್ಯಾಡಂತ ಕಳಿಸಿದೆ. ಇದನ್ನ ಸರಿ ಮಾಡಿಸಿದ್ರ ನಿನ್ನ ನಗು ಮತ್ತ ಕೇಳಸ್ತಿದ್ದಿಲ್ಲ.

ನೀನು ನಕ್ಕಾಗ ನಾನೂ ನಗ್ತಿದ್ದೆ. ಯಾತಕ್ಕಂತ ಎಷ್ಟೋ ಸಲ ಗೊತ್ತಾಗ್ತಿದ್ದಿಲ್ಲ. ಕರೀಬೇಕು ಅನಸ್ತಿತ್ತು, ದಿನಾ ಅನಸ್ತಿತ್ತು. ಅಣ್ಣ ಆಗಿ ಮೊದಲು ನಾನು ಯಾಕ ಅಂತ... ಗವಿಸಿದ್ದೇಶ್‌ಗ ರೊಕ್ಕ ಕೊಟ್ಟು ಕುಂದ್ರೋದು ಹಗೂರ ಇತ್ತು.

ನಾಳೆ ಹೋಗು. ಹೋಗಬ್ಯಾಡ ಅನ್ನಂಗಿಲ್ಲ ನಾನು. ವೈರು ಬಿಚ್ಚಿಸ್ತೀನಿ. ಆ ಬಾಡಿಗಿಯಾವ ಹೆಂಗ ನಗ್ತಾನೋ ಏನೋ, ಅದು ನನಗ ಬ್ಯಾಡ.

ಕುಂದ್ರು... ಜಂಬಣ್ಣ, ಹಿಂಗ ಅಳಬ್ಯಾಡ. ಮಾರಿ ಒರೆಸಿಕೋ. ಸಾವಕಾಶಲೇ, ನಿನ್ನ ಹೆಂಡ್ತಿ ಅಲ್ಲಿ ಸಾಮಾನು ಕಟ್ಟಾಕತ್ಯಾಳ. ಈ ಗ್ವಾಡಿ ತೆಳ್ಳಗೈತಿ, ಎಲ್ಲಾ ಕೇಳಸ್ತೈತಿ.