ನೆನಪಿಡಾಕೂ ಕ್ಲಾಸು

ಗದಗ ಬಸ್ ನಿಲ್ದಾಣದಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ, ನಡುವೆ ಹತ್ತರ ಆಸುಪಾಸಿನ ಹುಡುಗಿ.

“ನೆನಪಿಡೂದು ಕಲಸಾಕ ಕ್ಲಾಸಂತ! ಮುಂದ ಉಸರಾಡಾಕೂ ಹಚ್ಚತೀಯೇನ?” ಅತ್ತೆ ಕೇಳಿದರು.

“ನೆನಪಷ್ಟ ಅಲ್ರಿ ಅತ್ತಿ. ಯಾವ ಕೆಲಸ ಮೊದಲು, ಯಾವುದು ಆಮ್ಯಾಲೆ, ತಾನ ವಿಚಾರ ಮಾಡಿ ಮುಗಸೂದು ಕಲಸ್ತಾರ.”

“ನಾವು ಬೈಸ್ಕೊಂಡ ಕಲತ್ವಿ.”

“ನಮ್ಮ ಸೃಷ್ಟಿನೂ ಒಂದಿಲ್ಲೊಂದು ಮರತು ಸಾಲ್ಯಾಗ ದಿನಾ ಬೈಸ್ಕೊಂಡಾಳ್ರಿ. ಕಡಿಕ ಸಾಲಿ ಅಂದ್ರ ಹೊಟ್ಟಿ ನೋವು ಅನ್ನಾಕ ಹತ್ತಿದ್ಲು.”

“ನಾಟಕ ಅದು. ನಿನಗೇನ್ ಕಲಿಸಿದ್ಲು ಆ ಕ್ಲಾಸಿನ ಟೀಚರ್?”

“ಎಲ್ಲಾ ನೀವ ನೆನಪ ಮಾಡಿ ಕೊಡಬ್ಯಾಡ್ರಿ, ಸ್ವಲ್ಪ ಸುಮ್ನಿರ್ರಿ ಅಂದ್ರು.”

“ಸುಮ್ನಿರೂದನ್ನೂ ಮುಳಗುಂದದಿಂದ ಇಲ್ಲಿಗೆ ಬಂದು ಕಲೀಬೇಕೇನ?”

ಅಷ್ಟರಲ್ಲಿ ಅವರ ಬಸ್ಸು ಬಂತು. ಹುಡುಗಿ ತನ್ನ ಬ್ಯಾಗನ್ನು ಬೆಂಚಿನ ಮೇಲೆಯೇ ಬಿಟ್ಟು ಓಡಿದಳು. ಅತ್ತೆ ಕೂಗಲು ಬಾಯಿ ತೆರೆದರು. ಸೊಸೆ ಅವರ ಕೈ ಹಿಡಿದಳು.

“ಬಸ್ ಹೋದ್ರ?”

“ಹೋಗ್ಲಿ ಬಿಡ್ರಿ. ಮುಂದಿನ ಬಸ್ಸಿಗೆ ಹೋಗೂಣು.”

ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ ನಿಂತಳು. ಹೆಗಲು ಮುಟ್ಟಿ ನೋಡಿಕೊಂಡಳು. ಓಡಿ ಬಂದು ಬ್ಯಾಗ್ ಎತ್ತಿಕೊಂಡು ಮತ್ತೆ ಓಡಿದಳು.

ಸೊಸೆಗೆ ನಗು ತಡೆಯಲಾಗಲಿಲ್ಲ. ಕಣ್ಣನ್ನೂ ಒರೆಸಿಕೊಂಡಳು.

“ಇಷ್ಟಕ್ಕ ಊರ ತುಂಬ ಹಲಗಿ ಬಾರಸಬ್ಯಾಡ,” ಎನ್ನುತ್ತ ಅತ್ತೆ ಬಸ್ಸಿನತ್ತ ನಡೆದರು.