ಕೆಂಪು ಟೋಪಿಯ ಮರಕುಟಿಗ

ಮರುಭೂಮಿಯ ಊರಾದ ಕಾಬೋರ್ಕಾದ ಕಣ್ಣಾಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಮುದುಕಿ ಎದುವಿಹೆಸ್, ಪಕ್ಕದಲ್ಲಿ ಅವಳ ತಮ್ಮ ರೆಫೂಹಿಯೊ ಕೂತಿದ್ದರು.

“ಪಟ್ಟಿ ಬಿಚ್ಚಿದ್ಮೇಲೆ ಮೊದ್ಲು ಆ ಮರಕುಟಿಗನ್ನೇ ನೋಡ್ಬೇಕು ಕಣೋ. ಅಂಗಳದ ಕಂಬಗಳ್ಳಿ ತೂತಲ್ಲೇ ಇದೆ ತಾನೆ?”

“ಇದೆ ಅಕ್ಕ. ಬೆಳಿಗ್ಗೆ ನೋಡ್ದೆ. ಹಾರುವಾಗ ರೆಕ್ಕೆ ಕೆಳಗೆಲ್ಲ ಹಳದಿ.”

“ಅದು ಬೇರೆ ಹಕ್ಕಿ, ಪೆದ್ದ. ನಮ್ಮದಕ್ಕೆ ಹಳದಿ ಇಲ್ಲ. ಬೆನ್ನೆಲ್ಲ ಕಪ್ಪು ಬಿಳಿ ಗೆರೆ, ನೆತ್ತಿ ಮೇಲೆ ಪುಟ್ಟ ಕೆಂಪು ಟೋಪಿ. ನೀನು ನೋಡೇ ಇಲ್ಲ.”

ತಮ್ಮ ಅವಳ ಕಡೆ ತಿರುಗಿ ಕೂತ.

“ಕಳ್ಳಿ ಗಾಳಿಗೆ ಬಿದ್ದೋಯ್ತು ಅಕ್ಕ. ಅಜ್ಜನ ಕಾಲದ್ದು. ನಿಂಗೆ ಹೇಳೋಕೆ ಬಾಯೇ ಬರ್ಲಿಲ್ಲ.”

“ಗೊತ್ತು. ಅಂಗಳದಲ್ಲಿ ಕೂತ್ರೆ ಬೆಳಗಿನ ಬಿಸಿಲು ನೇರ ಮುಖಕ್ಕೇ ಬೀಳ್ತಿದೆಯಲ್ಲ, ಕಳ್ಳಿ ನೆರಳೇ ಇಲ್ಲ.”

“ಮತ್ತೆ ಯಾಕೆ ಕೇಳ್ದೆ?”

“ನೀನಾಗೇ ಹೇಳ್ತೀಯೇನೋ ಅಂತ. ಹಕ್ಕಿ ಎಲ್ಲೂ ಹೋಗಿಲ್ಲ ಕಣೋ. ಅರೆನಿದ್ದೇಲಿ ಕೇಳುತ್ತೆ. ಮೊದ್ಲು ಕಿರ್ರ್ ಅಂತ ಎಳೆಯುತ್ತೆ, ಆಮೇಲೆ ನಗುತ್ತೆ. ಅಮ್ಮ ಹಿತ್ತಲಲ್ಲಿ ನಿಂತು ನಗ್ತಿದ್ದಾಳೆ ಅನ್ನಿಸಿ, ಏಳೋಕೇ ಮನಸ್ಸಾಗಲ್ಲ.”

“ಯಾವ ಕಡೆಯಿಂದ?”

“ಒಣಹಳ್ಳದ ಕಡೆಯಿಂದ. ಅಲ್ಲೊಂದು ಎತ್ತರದ ಕಳ್ಳಿ ಇತ್ತಲ್ಲ.”

“ಇದೆ. ಅದಕ್ಕೂ ತೂತುಗಳಿವೆ. ನಾನು ಆ ಕಡೆ ಹುಡುಕ್ಲೇ ಇಲ್ಲ. ಅಷ್ಟು ದೂರ ಮರಳಲ್ಲಿ ನಡೀತೀಯಾ?”

“ನೀನು ಕೈ ಹಿಡ್ಕೋ, ನಡೀತೀನಿ.”

ನರ್ಸ್ ಎದುವಿಹೆಸ್ ಹೆಸರು ಕೂಗಿದಳು. ತಮ್ಮ ಅಕ್ಕನನ್ನು ಮೆಲ್ಲಗೆ ಎಬ್ಬಿಸಿದ.

“ಹಳ್ಳದ ಹತ್ರ ನೀನು ಬಾಯಿ ಮುಚ್ಕೊಂಡಿರ್ಬೇಕು,” ಎಂದಳು ಅವಳು, ಬಾಗಿಲು ದಾಟುತ್ತ. “ಏನೇನು ಕಾಣುತ್ತೆ ಅಂತ ನಾನೇ ನಿಂಗೆ ಹೇಳ್ತೀನಿ.”