ಕಾಟ ತಪ್ಪಿಸಿಕೊಂಡ ಮಗ

ವೃದ್ಧರ ಆರೈಕೆ ಕೇಂದ್ರದಿಂದ ರಕ್ತದ ಮಾದರಿ ಒಯ್ಯಲು ಬಂದಿದ್ದ ಲ್ಯಾಬಿನವಳು ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಅಮ್ಮನನ್ನು ನೋಡಲು ಕಾದಿದ್ದ ಅಣ್ಣ-ತಂಗಿಯ ಮಾತು ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು.

ತಂಗಿಯ ಫೋನು ರಿಂಗಾಯಿತು. "ಸಾಲ ಬೇಡಮ್ಮ," ಎಂದು ಇಟ್ಟಳು.

"ಇನ್ನೂ ಈ ಕಾಟ ತಡ್ಕೊಂಡಿದೀಯಾ? ಗೊತ್ತಿಲ್ಲದ ನಂಬರೆಲ್ಲ ಬ್ಲಾಕ್ ಮಾಡಿ ತಿಂಗಳಾಯ್ತು ಕಣೇ ನಾನು. ನೆಮ್ಮದಿ!"

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ಯಲ್ಲಣ್ಣ. ಇಲ್ಲಿ ಯಾವ ನರ್ಸ್ ಇರ್ತಾಳೋ ಅವಳ ಫೋನಿಂದ್ಲೇ ಮಾಡೋದು. ಅಮ್ಮ ಬಿದ್ದಾಗ ನಿನಗೆ ಆರು ಸಲ ಮಾಡಿದ್ರು."

"ನೀನು ಎತ್ಕೊಂಡ್ಯಲ್ಲ?"

"ಎತ್ಕೊಂಡೆ. ಅವತ್ತು ಹನ್ನೊಂದು ಕರೆ ಸೈಟು, ವಿಮೆ, ಸಾಲ. ಹನ್ನೆರಡನೇದು ಅಮ್ಮಂದು."

"ಒಂದೇ ನಂಬರ್ ಇಟ್ಕೊಳೋಕೆ ಇವರಿಗೇನು ರೋಗ?"

"ಅದನ್ನ ಅವರನ್ನೇ ಕೇಳು. ಅಮ್ಮ ದಿನಾ ಯಾರದ್ದಾದ್ರೂ ಫೋನ್ ಇಸ್ಕೊಂಡು ನಿನಗೆ ಮಾಡ್ತಾಳೆ. ಬ್ಯುಸಿ ಅಂತ ಬರತ್ತೆ. 'ಪಾಪ, ನನ್ನ ಮಗನಿಗೆ ಉಸಿರಾಡೋಕೂ ಪುರುಸೊತ್ತಿಲ್ಲ' ಅಂತ ವಾರ್ಡಿಗೆಲ್ಲ ಹೆಮ್ಮೆಯಿಂದ ಸಾರ್ಕೊಂಡು ಬರ್ತಾಳೆ."

ಅಣ್ಣ ಫೋನು ತೆಗೆದು ಏನನ್ನೋ ಒತ್ತತೊಡಗಿದ.

ಆಯಾ ಬಾಗಿಲು ತೆರೆದಳು. "ಬನ್ನಿ ಸಾರ್. ಪುರುಸೊತ್ತಿಲ್ಲದ ಮಗ ನೀವೇ ಅಲ್ವಾ?"

"ಇವನೇ," ಎಂದು ತಂಗಿ ಅವನನ್ನು ಮುಂದೆ ಬಿಟ್ಟುಕೊಂಡು ಒಳಗೆ ನಡೆದಳು.